ಪ್ರಾರ್ಥನೆ ಒಣಗಿಹೋದ ದಿನಗಳಲ್ಲಿ ಏನು ಮಾಡಬೇಕು?

ಒಂದು ವರ್ಷ ನನ್ನ ಬೈಬಲಿನ ಕೆಂಪು ರಿಬ್ಬನ್ ಯೆರೆಮೀಯನ 15ನೇ ಅಧ್ಯಾಯದಲ್ಲಿ ಹನ್ನೊಂದು ವಾರ ಕದಲದೆ ಕೂತಿತ್ತು. ಓದುವುದನ್ನು ನಾನು ಬಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ತೆರೆಯುತ್ತಿದ್ದೆ, ಮೊದಲ ಎರಡು ವಚನಗಳ ಮೇಲೆ ಕಣ್ಣಾಡಿಸುತ್ತಿದ್ದೆ, ಒಂದು ಪದವೂ ಒಳಗೆ ಇಳಿಯುತ್ತಿರಲಿಲ್ಲ, ಮುಚ್ಚಿ ಏಳುತ್ತಿದ್ದೆ. ಕೊನೆಗೊಂದು ದಿನ ರಿಬ್ಬನ್ನನ್ನು ಎತ್ತಿದಾಗ ಆ ತೆಳು ಹಾಳೆಯ ಮೇಲೆ ಅದರ ನೇಯ್ಗೆಯ ಗುರುತು ಅಚ್ಚೊತ್ತಿದ ಹಾಗೆ ಬಿದ್ದಿತ್ತು. ಅದೇ ವಾರಗಳಲ್ಲಿ ಭಾನುವಾರದ ಆರಾಧನೆಯಲ್ಲಿ ಹಾಡು ನಡೆಸುತ್ತಿದ್ದವನೂ ನಾನೇ. ಕಣ್ಣು ಮುಚ್ಚಿ ಹಾಡುತ್ತಿದ್ದೆ. ಜನ ಅದನ್ನು ಭಕ್ತಿ ಎಂದುಕೊಳ್ಳುತ್ತಿದ್ದರು. ಯಾರ ಮುಖವನ್ನೂ ನೋಡಲು ಆಗದೆ ಮುಚ್ಚುತ್ತಿದ್ದೆ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಸಭೆಗಳಲ್ಲಿ ಇದನ್ನು ಆತ್ಮಿಕ ಬರ ಎನ್ನುತ್ತೇವೆ, ಅರಣ್ಯದ ಅನುಭವ ಎನ್ನುತ್ತೇವೆ. ಹೆಸರು ಏನೇ ಇರಲಿ, ಅದರೊಳಗೆ ಇರುವವರಿಗೆ ಕಾಡುವ ಪ್ರಶ್ನೆ ಒಂದೇ: ದೇವರು ನನ್ನನ್ನು ಬಿಟ್ಟರೋ, ನಾನು ದೇವರನ್ನು ಬಿಟ್ಟೆನೋ? ಆ ಹನ್ನೊಂದು ವಾರಗಳಲ್ಲಿಯೂ ಅನಂತರ ಬಂದ ಇನ್ನೊಂದು ದೀರ್ಘ ಬರದಲ್ಲಿಯೂ ನಾನು ಕಲಿತದ್ದನ್ನು, ನಮಗಿಂತ ಎಷ್ಟೋ ಮೊದಲು ಆ ದಾರಿ ನಡೆದವರು ಹೇಳಿಹೋದದ್ದನ್ನು, ಒಂದೊಂದು ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ದೇವರ ಸಾನ್ನಿಧ್ಯ ಮನಸ್ಸಿಗೆ ತಟ್ಟದೆ ಇರುವುದು ಬೇರೆ, ದೇವರು ಇಲ್ಲದಿರುವುದು ಬೇರೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಮೊದಲು ದೇಹವನ್ನು ವಿಚಾರಿಸಿ

ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಣ್ಣಾರೆ ಕಂಡ ಪ್ರವಾದಿ ಎಲೀಯ, ಅದರ ಬೆನ್ನಿಗೇ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ಬೇಡುತ್ತಾನೆ. ಆಗ ದೇವರು ಅವನಿಗೆ ಪ್ರಸಂಗ ಮಾಡುವುದಿಲ್ಲ. ಅವನನ್ನು ಮಲಗಲು ಬಿಡುತ್ತಾನೆ. ದೂತನು ಬಂದು ತಟ್ಟಿ ಎಬ್ಬಿಸಿ, ಎದ್ದು ತಿನ್ನು ಎನ್ನುತ್ತಾನೆ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತನು ಎರಡನೆಯ ಸಲ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. ಅದಾದ ಮೇಲೆ 40 ದಿನಗಳ ನಡಿಗೆ, ಹೋರೇಬಿನ ಗುಹೆ. ಇಲ್ಲಿ ಏನು ಮಾಡುತ್ತಿದ್ದೀ ಎಂಬ ಪ್ರಶ್ನೆ ಬರುವುದು ಅಲ್ಲಿ, ಅಷ್ಟೆಲ್ಲ ಆದ ನಂತರ.

ನಾವು ಈ ಕ್ರಮವನ್ನು ತಲೆಕೆಳಗು ಮಾಡುತ್ತೇವೆ. ತಿಂಗಳುಗಟ್ಟಲೆ ನಿದ್ದೆಗೆಟ್ಟು, ಮೂರು ಜನರ ಕೆಲಸವನ್ನು ಒಬ್ಬರೇ ಹೊತ್ತು, ಕೊನೆಗೆ ಪ್ರಾರ್ಥನೆಯಲ್ಲಿ ಸ್ವಾರಸ್ಯವಿಲ್ಲ ಎಂದಾಗ ಇನ್ನೊಂದು ಉಪವಾಸ ಹಾಕಿಕೊಳ್ಳುತ್ತೇವೆ. ಅದರ ಬದಲು ಒಂದು ವಾರ ಲೆಕ್ಕ ಇಡಿ: ರಾತ್ರಿ ಎಷ್ಟು ಗಂಟೆ ಮಲಗಿದೆ, ಎಷ್ಟು ಊಟ ಬಿಟ್ಟೆ, ಮಲಗುವ ಮುನ್ನ ಎಷ್ಟು ಹೊತ್ತು ಮೊಬೈಲ್ ಹಿಡಿದಿದ್ದೆ, ಪೂರ್ತಿ ಒಂದು ದಿನ ವಿಶ್ರಾಂತಿ ಪಡೆದು ಎಷ್ಟು ದಿನವಾಯಿತು. ಲೆಕ್ಕ ಕೆಟ್ಟದಾಗಿದ್ದರೆ ಮೊದಲ ಎರಡು ವಾರ ನಿಮ್ಮ ಆತ್ಮಿಕ ಶಿಸ್ತು ಎಂದರೆ ಹೊತ್ತಿಗೆ ಸರಿಯಾಗಿ ಮಲಗುವುದು.

ಇನ್ನೊಂದು ವಿಷಯವನ್ನು ಮರೆಮಾಚದೆ ಹೇಳಬೇಕು. ಪ್ರಾರ್ಥನೆಯಲ್ಲಿ ಮಾತ್ರವಲ್ಲ, ಯಾವುದರಲ್ಲೂ ಆಸಕ್ತಿ ಉಳಿದಿಲ್ಲ, ನಿದ್ದೆ ಹಸಿವು ಎರಡೂ ಏರುಪೇರಾಗಿವೆ, ನಾನು ಯಾವುದಕ್ಕೂ ಬಾರದವನು ಎಂಬ ಭಾವನೆ ದಿನದ ಹೆಚ್ಚಿನ ಹೊತ್ತು ಮುತ್ತಿಕೊಂಡಿರುತ್ತದೆ, ಇದು ಎರಡು ವಾರ ದಾಟಿದೆ ಎಂದಾದರೆ ವೈದ್ಯರನ್ನು ಕಾಣಿ. ಅದು ಖಿನ್ನತೆ ಆಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ. ಸಾಯುವ ಯೋಚನೆ ಸುಳಿದರೆ ಎರಡು ವಾರ ಕಾಯಬೇಡಿ, ಇವತ್ತೇ ಒಬ್ಬರಿಗೆ ಹೇಳಿ, ಇವತ್ತೇ ಸಹಾಯ ಪಡೆಯಿರಿ. ಔಷಧಿ ತೆಗೆದುಕೊಳ್ಳುವುದು ನಂಬಿಕೆಯ ಕೊರತೆ ಎಂದು ಯಾರಾದರೂ ಅಂದರೆ ಆ ಮಾತಿಗೆ ಕಿವಿಗೊಡಬೇಡಿ. ಇಂಗ್ಲೆಂಡಿನ ಹೆಸರಾಂತ ಬೋಧಕ ಚಾರ್ಲ್ಸ್ ಸ್ಪರ್ಜನ್ 1856ರಲ್ಲಿ, ತಮ್ಮ 22ನೇ ವಯಸ್ಸಿನಲ್ಲಿ, ತಾವು ಬೋಧಿಸುತ್ತಿದ್ದ ಸಭಾಂಗಣದಲ್ಲಿ ಕಾಲ್ತುಳಿತವಾಗಿ ಏಳು ಮಂದಿ ಸತ್ತದ್ದನ್ನು ಕಂಡರು. ಖಿನ್ನತೆ ಅವರನ್ನು ಜೀವನವಿಡೀ ಮತ್ತೆ ಮತ್ತೆ ಕಾಡಿತು. ಅದನ್ನು ಅವರು ತಮ್ಮ ವಿದ್ಯಾರ್ಥಿಗಳ ಎದುರು ಮುಚ್ಚಿಡಲಿಲ್ಲ.

ಕಾರಣ ಹುಡುಕಿ, ಆದರೆ ಒಂದೇ ಸಂಜೆ

ಲೊಯೋಲಾದ ಸಂತ ಇಗ್ನೇಷಿಯಸ್ ಯುದ್ಧದಲ್ಲಿ ಕಾಲು ಮುರಿದುಕೊಂಡು ಮಲಗಿದ್ದಾಗ ಮನಸ್ಸು ತಿರುಗಿದವರು. 1522ರಿಂದ ಮನ್ರೇಸಾ ಎಂಬ ಊರಿನಲ್ಲಿ ತಿಂಗಳುಗಟ್ಟಲೆ ಒಬ್ಬಂಟಿಯಾಗಿ ಪ್ರಾರ್ಥಿಸುತ್ತ, ಒಳಗಿನ ಸಾಂತ್ವನ ಬರುವುದನ್ನೂ ಹೋಗುವುದನ್ನೂ ಗಮನಿಸಿ ಗುರುತು ಹಾಕಿಕೊಂಡರು. ಬರ ಬರುವುದಕ್ಕೆ ಅವರು ಮುಖ್ಯವಾಗಿ ಮೂರು ಕಾರಣ ಕೊಡುತ್ತಾರೆ. ಒಂದು, ನಮ್ಮದೇ ಅಸಡ್ಡೆ. ಎರಡು, ಸಿಹಿ ಇಲ್ಲದಿದ್ದಾಗಲೂ ನಾವು ಎಷ್ಟು ದೂರ ನಡೆಯುತ್ತೇವೆ ಎಂಬ ಪರೀಕ್ಷೆ. ಮೂರು, ಸಾಂತ್ವನ ನಮ್ಮ ಗಳಿಕೆಯಲ್ಲ, ದೇವರ ಕೊಡುಗೆ ಎಂದು ಮನದಟ್ಟಾಗಲಿ ಎಂಬುದು. ಮೂರರಲ್ಲಿ ಒಂದು ಮಾತ್ರ ನಮ್ಮ ತಪ್ಪಿನಿಂದ ಬರುವಂಥದ್ದು ಎಂಬುದನ್ನು ಗಮನಿಸಿ.

ಒಂದು ಸಂಜೆ ಬಿಡುವು ಮಾಡಿಕೊಂಡು ಕಾಗದ, ಪೆನ್ನು ಹಿಡಿದು ಕೂತುಕೊಳ್ಳಿ. ತಪ್ಪು ಎಂದು ಗೊತ್ತಿದ್ದೂ ಬಿಡದೆ ಹಿಡಿದುಕೊಂಡಿರುವುದು ಏನಾದರೂ ಇದೆಯೇ? ಪ್ರಾರ್ಥನೆ ಒಣಗುವ ಮುಂಚೆಯೇ ನಾನು ಅದನ್ನು ಬಿಡತೊಡಗಿದ್ದೆನೇ? ಇತ್ತೀಚೆಗೆ ಏನನ್ನು ಕಳೆದುಕೊಂಡೆ: ಒಂದು ಸಾವು, ಮುರಿದ ಸಂಬಂಧ, ಕೈತಪ್ಪಿದ ಕೆಲಸ? ಕೊನೆಯ ಪ್ರಶ್ನೆಯನ್ನು ಬಹಳ ಮಂದಿ ಕೇಳಿಕೊಳ್ಳುವುದೇ ಇಲ್ಲ. ಅಳದೆ ನುಂಗಿಕೊಂಡ ದುಃಖ ಎಷ್ಟೋ ಸಲ ಪ್ರಾರ್ಥನೆಯ ಬಾಯನ್ನು ಕಟ್ಟಿಹಾಕುತ್ತದೆ.

ಏನಾದರೂ ಸ್ಪಷ್ಟವಾಗಿ ಕಂಡರೆ ಅರಿಕೆ ಮಾಡಿ, ಸರಿಪಡಿಸಬೇಕಾದವರ ಬಳಿ ಹೋಗಿ ಸರಿಪಡಿಸಿ. ಏನೂ ಕಾಣದಿದ್ದರೆ ಕಾಗದವನ್ನು ಮಡಚಿಡಿ. ಮರುದಿನ ಮತ್ತೆ ಅಗೆಯಬೇಡಿ. ಎಲ್ಲೋ ಗುಪ್ತ ಪಾಪ ಇರಲೇಬೇಕು ಎಂದು ಬರದಲ್ಲಿರುವವರನ್ನು ಹಿಂಡುವ ಅಭ್ಯಾಸ ನಮ್ಮ ಸಭೆಗಳಲ್ಲಿ ಇದೆ. ಅದು ನನಗೆ ಬಹಳ ನೋವು ಕೊಡುವ ವಿಷಯ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಗೆಳೆಯರು ಮಾಡಿದ್ದೂ ಅದನ್ನೇ. ಪುಸ್ತಕದ ಕೊನೆಯಲ್ಲಿ ದೇವರು ಕೋಪಿಸಿಕೊಂಡದ್ದು ಕೂಗಾಡಿದ ಯೋಬನ ಮೇಲಲ್ಲ, ಕಾರಣ ಹೇಳಲು ಬಂದ ಆ ಗೆಳೆಯರ ಮೇಲೆ.

ದೊಡ್ಡ ತೀರ್ಮಾನಗಳನ್ನು ಮುಂದಕ್ಕೆ ಹಾಕಿ

ಇದೂ ಇಗ್ನೇಷಿಯಸ್ ಅವರದೇ ಸಲಹೆ: ಒಳಗೆ ಕತ್ತಲಿರುವಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬೇಡಿ. ಸಭೆ ಬಿಡುವುದು, ಸೇವೆಗೆ ಶಾಶ್ವತವಾಗಿ ರಾಜೀನಾಮೆ ಕೊಡುವುದು, ನಾನು ವಿಶ್ವಾಸಿಯೇ ಅಲ್ಲ ಎಂದು ಎಲ್ಲರೆದುರು ಸಾರುವುದು, ಇವೆಲ್ಲ ಸದ್ಯಕ್ಕೆ ಬೇಡ. ನಿಮ್ಮನ್ನು ಯಾರಾದರೂ ನೋಯಿಸುತ್ತಿರುವ, ಹಿಂಸಿಸುತ್ತಿರುವ ಜಾಗದಿಂದ ಹೊರಬರುವ ಮಾತು ಬೇರೆ, ಅದಕ್ಕೆ ಕಾಯಬೇಕಾಗಿಲ್ಲ.

ಹೊತ್ತನ್ನು ಬಿಡಬೇಡಿ, ಹೊರೆಯನ್ನು ಇಳಿಸಿ

ದಿನಕ್ಕೆ ಒಂದು ಗಂಟೆ ಪ್ರಾರ್ಥಿಸುತ್ತಿದ್ದವರು ಬರ ಬಂದಾಗ ಎರಡು ದಾರಿ ಹಿಡಿಯುತ್ತಾರೆ. ಕೆಲವರು ಹಲ್ಲುಕಚ್ಚಿ ಎರಡು ಗಂಟೆ ಮಾಡಲು ಹೋಗಿ ತಿಂಗಳೊಳಗೆ ಕುಸಿಯುತ್ತಾರೆ. ಉಳಿದವರು ಇವತ್ತು ಮನಸ್ಸಿಲ್ಲ ಎಂದು ಬಿಡುತ್ತಾರೆ. ಇವತ್ತು ಎಂಬುದು ಹಾಗೆಯೇ ಬೆಳೆಯುತ್ತದೆ. ನಾನು ಹೇಳುವುದು ಇವೆರಡರ ನಡುವಿನ ದಾರಿ. ಜಾಗ ಅದೇ ಇರಲಿ, ಹೊತ್ತೂ ಅದೇ ಇರಲಿ. ಅಷ್ಟು ಹೊತ್ತಿನಲ್ಲಿ ಮಾಡುವ ಕೆಲಸ ಮಾತ್ರ ಚಿಕ್ಕದಾಗಲಿ.

ಹದಿನೈದು ನಿಮಿಷ ಎಂದಿಟ್ಟುಕೊಳ್ಳಿ. ಗಡಿಯಾರಕ್ಕೆ ಅಲಾರಂ ಇಟ್ಟು, ಮೊಬೈಲನ್ನು ಬೇರೆ ಕೋಣೆಯಲ್ಲಿ ಬಿಡಿ. ಮೊದಲ ಎರಡು ನಿಮಿಷ ಏನೂ ಮಾಡಬೇಡಿ. ಕರ್ತನೇ, ಬಂದಿದ್ದೇನೆ ಎಂದಷ್ಟೇ ಹೇಳಿ. ಆಮೇಲೆ ಬೈಬಲಿನ ಒಂದು ಕೀರ್ತನೆಯನ್ನು ಬಾಯಿಬಿಟ್ಟು ಓದಿ. ಮನಸ್ಸಿನಲ್ಲಿ ಓದಿದರೆ ಎರಡನೆಯ ಸಾಲಿಗೇ ಎಲ್ಲೋ ಹೋಗಿಬಿಡುತ್ತೇವೆ. ಕಿವಿಗೆ ಬಿದ್ದ ಮಾತು ನಮ್ಮನ್ನು ಸ್ವಲ್ಪವಾದರೂ ಹಿಡಿದಿಡುತ್ತದೆ. ಅನಂತರ ಇಬ್ಬರ ಹೆಸರು ಹೇಳಿ ಅವರಿಗಾಗಿ ಬೇಡಿ. ಉಳಿದ ಹೊತ್ತು ಸುಮ್ಮನೆ ಕೂತಿರಿ. ಅಲಾರಂ ಹೊಡೆದ ಮೇಲೆ ಇನ್ನೂ ಒಂದು ನಿಮಿಷ ಕೂತಿರಿ. ಈ ಒಂದು ನಿಮಿಷ ಮುಖ್ಯ. ಓಡಿಹೋಗುವ ಆಸೆ ಜೋರಾಗಿರುವಾಗ ಗೊತ್ತುಮಾಡಿಕೊಂಡ ಹೊತ್ತಿಗಿಂತ ತುಸು ಹೆಚ್ಚೇ ಉಳಿಯಿರಿ ಎಂಬುದು ಇಗ್ನೇಷಿಯಸ್ ಅವರ ಉಪಾಯ. ಮಾಡಿ ನೋಡಿದವರಿಗೆ ಅದರ ಬಲ ಗೊತ್ತು.

ಏನೂ ಅನಿಸದೆ ಕೂತಿರುವುದು ಬೂಟಾಟಿಕೆ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ನನಗೂ ಹಾಗೆಯೇ ಅನಿಸಿತ್ತು. ಆವಿಲಾದ ಸಂತ ತೆರೇಸಾ (1515–1582) ಪ್ರಾರ್ಥನೆಯ ಮಹಾಗುರು ಎಂದು ಹೆಸರಾದವರು. ಅವರೇ ಒಪ್ಪಿಕೊಂಡಿದ್ದಾರೆ: ಕೆಲವು ವರ್ಷ ಪ್ರಾರ್ಥನೆಯ ಹೊತ್ತಿನಲ್ಲಿ ಅವರ ಗಮನ ಆ ಗಂಟೆ ಯಾವಾಗ ಮುಗಿಯುತ್ತದೆ ಎಂಬುದರ ಮೇಲೆಯೇ ಹೆಚ್ಚಾಗಿರುತ್ತಿತ್ತು. ಆದರೂ ಕೂತರು. ಅವರು ಪ್ರಾರ್ಥನೆಯನ್ನು ತೋಟಕ್ಕೆ ನೀರು ಹಾಯಿಸುವುದಕ್ಕೆ ಹೋಲಿಸುತ್ತಾರೆ. ಮೊದಲ ಬಗೆ ಬಾವಿಯಿಂದ ಕೈಯಾರೆ ಸೇದಿ ಹಾಕುವುದು, ಎರಡನೆಯದು ರಾಟೆ ತಿರುಗಿಸಿ ಎತ್ತುವುದು, ಮೂರನೆಯದು ತೊರೆಯ ನೀರು ತಾನಾಗಿ ಹರಿದುಬರುವುದು, ನಾಲ್ಕನೆಯದು ಮಳೆ. ಕೈಯಾರೆ ಸೇದುವಾಗ ಬಾವಿಯೇ ಬತ್ತಿದ್ದರೆ? ಅದಕ್ಕೂ ಅವರ ಬಳಿ ಉತ್ತರವಿದೆ: ನಾವು ಒಳ್ಳೆಯ ತೋಟಗಾರರ ಹಾಗೆ ನಮ್ಮ ಕೈಲಾದದ್ದನ್ನು ಮಾಡಿದರೆ, ದೇವರು ನೀರಿಲ್ಲದೆಯೂ ಹೂಗಳನ್ನು ಉಳಿಸುತ್ತಾನೆ. ಖಾಲಿ ಕೊಡವನ್ನು ಬಾವಿಗೆ ಇಳಿಸಿ ಖಾಲಿಯಾಗಿಯೇ ಎತ್ತಿದ ದಿನವೂ ತೋಟದ ಕೆಲಸದ ದಿನವೇ. ನನ್ನ ಹದಿನೈದು ನಿಮಿಷಗಳನ್ನು ನಾನು ಅಂದಿನಿಂದ ಹಾಗೆ ಎಣಿಸತೊಡಗಿದೆ.

ಸ್ವಂತ ಮಾತು ಸಿಗದಿದ್ದರೆ ಕಡ ತನ್ನಿ

ಬರದಲ್ಲಿ ಮೊದಲು ಸೋಲುವುದು ಸ್ವಂತ ಮಾತು. ದಿನಾ ಹೇಳುತ್ತಿದ್ದ ಸ್ತೋತ್ರ, ಪರಿಚಿತ ಪದಗಳು ಬಾಯಲ್ಲಿ ಮರಳಿನಂತಾಗುತ್ತವೆ. ಆಗ ಬರೆದಿಟ್ಟ ಪ್ರಾರ್ಥನೆಗಳನ್ನು ಎತ್ತಿಕೊಳ್ಳಲು ನಾಚಬೇಡಿ. ಶಿಲುಬೆಯ ಮೇಲೆ ಯೇಸುವೇ 22ನೇ ಕೀರ್ತನೆಯ ಮೊದಲ ಸಾಲನ್ನು ಎತ್ತಿಕೊಂಡು ಕೂಗಿದನು: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ? ಉಸಿರು ಎಳೆಯುವುದೇ ಕಷ್ಟವಾಗಿದ್ದ ಆ ಗಳಿಗೆಯಲ್ಲಿ ಅವನ ಬಾಯಿಗೆ ಬಂದದ್ದು ಚಿಕ್ಕಂದಿನಿಂದ ಕೇಳಿದ ಹಾಡು.

ನಾನು ಹನ್ನೊಂದು ವಾರ ಸಿಕ್ಕಿಕೊಂಡಿದ್ದ ಯೆರೆಮೀಯನ ಅಧ್ಯಾಯಕ್ಕೆ ಬರುತ್ತೇನೆ. ರಿಬ್ಬನ್ ಎತ್ತಿದ ದಿನ ಏನೋ ಹಟ ಬಂದು ಆ ಅಧ್ಯಾಯವನ್ನು ಕೊನೆಯವರೆಗೆ ಜೋರಾಗಿ ಓದಿದೆ. 18ನೇ ವಚನದಲ್ಲಿ ಪ್ರವಾದಿ ದೇವರನ್ನೇ ಕೇಳುತ್ತಾನೆ: ನೀನು ನನಗೆ ನೆಚ್ಚಿದವರನ್ನು ಮೋಸಗೊಳಿಸುವ ತೊರೆಯಂತಾಗುತ್ತೀಯೋ, ನಂಬಲಾಗದ ನೀರಿನಂತಾಗುತ್ತೀಯೋ? ದೇವರೇ, ನೀನು ಬತ್ತಿಹೋಗಿದ್ದೀ ಎಂದು ಒಳಗೊಳಗೇ ಅನಿಸಿ, ಹೇಳಿದರೆ ಪಾಪವಾದೀತೆಂದು ನಾನು ತುಟಿಕಚ್ಚಿ ಹಿಡಿದಿದ್ದ ದೂರು ಅದು. ನಾನು ಓದು ನಿಲ್ಲಿಸುತ್ತಿದ್ದ ಸಾಲಿನಿಂದ ಕೇವಲ ಹದಿನಾರು ವಚನ ಕೆಳಗೆ, ಪ್ರವಾದಿಯ ಬಾಯಿಂದಲೇ, ದೇವರ ವಾಕ್ಯವಾಗಿಯೇ ಅಚ್ಚಾಗಿ ಕೂತಿತ್ತು. ಅಂದು ಬಹಳ ಹೊತ್ತು ಅತ್ತೆ.

ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಇಂಥ ಪ್ರಲಾಪಗಳೇ. 13ನೇ ಕೀರ್ತನೆಯಿಂದ ಶುರು ಮಾಡಿ; ಇರುವುದು ಆರೇ ವಚನ. ಮೊದಲ ಎರಡರಲ್ಲಿ "ಎಷ್ಟರವರೆಗೆ" ಎಂಬ ದೂರು ನಾಲ್ಕು ಸಲ ಬರುತ್ತದೆ. ಮುಂದಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಭರವಸೆ. ಇದೇ ಅಚ್ಚಿನಲ್ಲಿ ನಿಮ್ಮದೊಂದನ್ನು ಬರೆಯಿರಿ. ಮೊದಲು ದೂರು, ಮೆತ್ತಗೆ ಮಾಡದೆ: ಕರ್ತನೇ, ನಾಲ್ಕು ತಿಂಗಳಿಂದ ಕರೆಯುತ್ತಿದ್ದೇನೆ, ಗೋಡೆಗೆ ಹೇಳಿದಂತಾಗಿದೆ. ಆಮೇಲೆ ಒಂದೇ ಒಂದು ಬೇಡಿಕೆ: ನಾಳೆಯೂ ಇಲ್ಲಿಗೆ ಬಂದು ಕೂರುವ ಶಕ್ತಿ ಕೊಡು. ಕೊನೆಗೆ, ಈಗ ಅನಿಸದಿದ್ದರೂ, ಹಿಂದೆ ಅವನು ನಿಮಗೆ ಮಾಡಿದ ಒಂದು ಉಪಕಾರವನ್ನು ಹೆಸರಿಸಿ. ಆ ಕೊನೆಯ ಭಾಗ ಬರೆಯಲು ಬಾರದಿದ್ದರೆ ಬಿಡಿ. 88ನೇ ಕೀರ್ತನೆಯೂ ಕತ್ತಲೆ ಎಂಬ ಮಾತಿನಲ್ಲಿಯೇ ಮುಗಿಯುತ್ತದೆ. ಅದನ್ನು ಯಾರೂ ಪುಸ್ತಕದಿಂದ ತೆಗೆದುಹಾಕಲಿಲ್ಲ.

ಅದೂ ಆಗದ ದಿನ ಕರ್ತನ ಪ್ರಾರ್ಥನೆಯ ಒಂದೇ ಸಾಲು ಸಾಕು. ಮಾತೇ ಇಲ್ಲದ ದಿನಕ್ಕಾಗಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಒಂದು ಆಸರೆ ಇಟ್ಟಿದ್ದಾನೆ: ಹೇಗೆ ಬೇಡಬೇಕೆಂದು ನಮಗೆ ತಿಳಿಯದಿರುವಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ.

ಒಬ್ಬರಿಗೆ ಹೇಳಿ

ಎಲ್ಲರಿಗೂ ಹೇಳಬೇಕಾಗಿಲ್ಲ. ಒಬ್ಬರು ಸಾಕು, ಆದರೆ ಸರಿಯಾದವರು. ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬಲ್ಲವರು, ತಾವೂ ಒಂದು ಕತ್ತಲೆ ದಾಟಿದವರು, ಕೂಡಲೇ ವಚನ ಎಸೆಯದವರು. ಪಾಸ್ಟರ್ ಆಗಿರಬಹುದು, ಫಾದರ್ ಆಗಿರಬಹುದು, ಹಿಂದಿನ ಸಾಲಿನಲ್ಲಿ ಸದ್ದಿಲ್ಲದೆ ಕೂರುವ ಒಬ್ಬ ಅಜ್ಜಿಯೂ ಆಗಿರಬಹುದು.

ನಾನು ಹೇಳಿಕೊಂಡದ್ದು ನಮ್ಮ ಸಭೆಯ ಒಬ್ಬ ಹಿರಿಯರಿಗೆ. ಹೇಗೆ ಶುರು ಮಾಡಬೇಕೆಂದು ತಿಳಿಯದೆ, "ಅಣ್ಣಾ, ಪ್ರಾರ್ಥನೆ ಬರುತ್ತಿಲ್ಲ" ಎಂದಷ್ಟೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಈ ತಿಂಗಳು ನಿನ್ನ ಪಾಲಿನದನ್ನೂ ನಾನೇ ಮಾಡುತ್ತೇನೆ. ನೀನು ಬಂದು ಪಕ್ಕದಲ್ಲಿ ಕೂತಿರು, ತಮ್ಮಾ" ಎಂದರು. ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಚಾವಣಿ ತೆಗೆದು ಇಳಿಸುತ್ತಾರೆ. ಯೇಸು "ಅವರ" ನಂಬಿಕೆಯನ್ನು ನೋಡಿದನು ಎಂದು ಅಲ್ಲಿದೆ. ಹೊರಿಸಿಕೊಳ್ಳುವುದೂ ಸಭೆಯಲ್ಲಿ ಇರುವ ಒಂದು ರೀತಿ.

ಹಾಡು ನಡೆಸುವವರು, ಭಾನುವಾರ ಶಾಲೆಯಲ್ಲಿ ಕಲಿಸುವವರು, ಬೋಧಿಸುವವರು ಕೇಳುವ ಪ್ರಶ್ನೆ ಒಂದಿದೆ: ಒಳಗೆ ಒಣಗಿರುವಾಗ ಮುಂದೆ ನಿಲ್ಲಬಹುದೇ? ನನ್ನ ಅಭಿಪ್ರಾಯ ಇಷ್ಟು. ಮುಂದೆ ನಿಲ್ಲುವ ಜವಾಬ್ದಾರಿಯನ್ನು ಸ್ವಲ್ಪ ಕಾಲ ಇಳಿಸಬಹುದು, ಆದರೆ ಸಭೆಗೆ ಬರುವುದನ್ನು ನಿಲ್ಲಿಸಬಾರದು. ನಾನು ಒಂದು ತಿಂಗಳು ಹಾಡು ನಡೆಸುವುದನ್ನು ಬಿಟ್ಟು, ಆ ಹಿರಿಯರ ಪಕ್ಕದಲ್ಲಿ ಕೂತು, ಬೇರೆಯವರು ಹಾಡುವುದನ್ನು ಕೇಳಿದೆ. ಕರ್ತನ ಭೋಜನದ ದಿನ ಅಂಗೈಯಲ್ಲಿ ರೊಟ್ಟಿಯ ಚೂರು ಬಿದ್ದಾಗ ಎದೆಯಲ್ಲಿ ಏನೂ ಕದಲಲಿಲ್ಲ. ಆದರೆ ರೊಟ್ಟಿ ಕೈಯಲ್ಲಿತ್ತು. ನನ್ನ ಮನಸ್ಸು ಹೇಗಿದೆ ಎಂದು ಕೇಳದೆ ಅದು ನನಗೆ ಕೊಡಲ್ಪಟ್ಟಿತ್ತು.

ಕೈಗೆ ಕೆಲಸ ಕೊಡಿ

ವಾರಕ್ಕೊಮ್ಮೆ ಒಬ್ಬರಿಗೆ ಒಂದು ಉಪಕಾರ, ಯಾರಿಗೂ ತಿಳಿಸದೆ. ಹಾಸಿಗೆ ಹಿಡಿದವರ ಬಳಿ ಅರ್ಧ ಗಂಟೆ ಕೂತು ಬನ್ನಿ. ಮದರ್ ತೆರೇಸಾ ತೀರಿಕೊಂಡ ಹತ್ತು ವರ್ಷಗಳ ಮೇಲೆ, 2007ರಲ್ಲಿ, ಅವರ ಪತ್ರಗಳು ಪ್ರಕಟವಾದಾಗ ಜಗತ್ತಿಗೆ ಗೊತ್ತಾಯಿತು: ಸುಮಾರು 50 ವರ್ಷ, ನಡುವೆ ಸ್ವಲ್ಪ ಕಾಲ ಬಿಟ್ಟರೆ, ಅವರು ಒಳಗೆ ಕತ್ತಲೆಯನ್ನೇ ಹೊತ್ತು ಬದುಕಿದ್ದರು. ಅಷ್ಟೂ ವರ್ಷ ಅವರ ಕೈಗಳು ರೋಗಿಗಳ ಗಾಯ ತೊಳೆಯುತ್ತಿದ್ದವು.

ಬೇಗ ಮುಗಿಯದಿದ್ದರೆ

ಶಿಲುಬೆಯ ಸಂತ ಯೊವಾನ್ನರನ್ನು ಅವರದೇ ಸಂನ್ಯಾಸಿ ಸಂಘದ ಸಹೋದರರು 1577ರ ಡಿಸೆಂಬರ್‌ನಲ್ಲಿ ಹಿಡಿದು, ಸ್ಪೇನಿನ ತೊಲೇದೊ ಊರಿನ ಒಂದು ಇಕ್ಕಟ್ಟಾದ ಕೋಣೆಯಲ್ಲಿ ಕೂಡಿಹಾಕಿದರು. ಮರುವರ್ಷದ ಆಗಸ್ಟ್‌ನಲ್ಲಿ ಅವರು ತಪ್ಪಿಸಿಕೊಂಡರು. ಆತ್ಮದ ಕತ್ತಲ ರಾತ್ರಿಯ ಬಗ್ಗೆ ಮುಂದೆ ಅವರು ಬರೆದದ್ದಕ್ಕೆ ಅಷ್ಟು ಬೆಲೆ ಬಂದದ್ದು ಕತ್ತಲೆಯನ್ನು ಬಲ್ಲ ಕೈ ಬರೆದದ್ದರಿಂದ. ಈ ಬರ ದೇವರಿಂದಲೇ ಬಂದಿರಬಹುದು ಎನ್ನಲು ಅವರು ಮೂರು ಗುರುತು ಕೊಡುತ್ತಾರೆ. ದೇವರ ವಿಷಯದಲ್ಲಿ ರುಚಿ ಇಲ್ಲ, ಲೋಕದ ವಿಷಯದಲ್ಲಿಯೂ ಇಲ್ಲ. ಆದರೂ, ನಾನು ದೇವರ ಸೇವೆ ಮಾಡುತ್ತಿಲ್ಲವಲ್ಲ, ಹಿಂದೆ ಬೀಳುತ್ತಿದ್ದೇನಲ್ಲ ಎಂಬ ಕಳವಳ ಬಿಡದೆ ಕಾಡುತ್ತದೆ. ಮೊದಲಿನ ಹಾಗೆ ಕಲ್ಪಿಸಿಕೊಂಡು, ಯೋಚಿಸಿಕೊಂಡು ಧ್ಯಾನಿಸಲು ಎಷ್ಟು ಯತ್ನಿಸಿದರೂ ಆಗುವುದಿಲ್ಲ. ಇದರ ಜೊತೆಗೆ ವಿಷಣ್ಣತೆಯೂ ಸೇರಿಕೊಂಡಿರಬಹುದು ಎಂದೂ ಅವರು ಹೇಳಿದ್ದಾರೆ. ಆದ್ದರಿಂದ ಈ ಗುರುತುಗಳು ವೈದ್ಯರ ಬಾಗಿಲು ತಟ್ಟದಿರಲು ನೆಪವಾಗಬಾರದು.

ಎರಡನೆಯ ಗುರುತಿನ ಮೇಲೆ ನಾನು ಎಷ್ಟೋ ದಿನ ಒರಗಿಕೊಂಡಿದ್ದೇನೆ. ದೇವರು ಬೇಡವಾದವರಿಗೆ ದೇವರು ಸಿಗುತ್ತಿಲ್ಲ ಎಂಬ ಸಂಕಟ ಯಾಕೆ ಬರುತ್ತದೆ? ಬಾಯಾರಿಕೆ ಇದೆ ಎಂದರೆ ಜೀವ ಇದೆ. ಈ ಮೂರೂ ಗುರುತುಗಳು ನಿಮ್ಮಲ್ಲಿ ಕಂಡರೆ ಹಳೆಯ ರೀತಿಯ ಪ್ರಾರ್ಥನೆಯನ್ನು ಒತ್ತಾಯದಿಂದ ಹಿಂಡಬೇಡಿ. ಮಾತು ಕಡಿಮೆ ಮಾಡಿ, ಅವನ ಎದುರು ಪ್ರೀತಿಯ ಗಮನದಿಂದ ಸುಮ್ಮನಿರಿ. ಈ ಹಂತದಲ್ಲಿ ಅನುಭವಸ್ಥರಾದ ಒಬ್ಬ ಮಾರ್ಗದರ್ಶಕರು ಇದ್ದರೆ ದಾರಿ ತಪ್ಪುವ ಭಯ ಕಡಿಮೆ.

ನೀರು ಬಂದ ದಿನ

ನನಗೆ ಅದು ಗುಡುಗು ಮಿಂಚಿನೊಂದಿಗೆ ಬರಲಿಲ್ಲ. ಒಂದು ಬೆಳಿಗ್ಗೆ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದಾಗ, ತಂದೆಯೇ, ನಿನ್ನ ಚಿತ್ತವೇ ಆಗಲಿ ಎಂಬ ಮಾತು ಬಾಯಿಂದ ತಾನಾಗಿ ಬಂತು. ಒದ್ದೆ ಅಂಗಿಯನ್ನು ಕೈಯಲ್ಲಿ ಹಿಡಿದು ಹಾಗೆಯೇ ನಿಂತೆ. ಆ ಸಾಲನ್ನು ನಾನು ಮನಸಾರೆ ಹೇಳಿದ್ದೆ.

ಅಂಥ ದಿನ ಬಂದಾಗ ಅಂದೇ ಬರೆದಿಡಿ. ಸಾಂತ್ವನದ ಕಾಲದಲ್ಲಿ ಮುಂದಿನ ಬರಕ್ಕೆ ಬುತ್ತಿ ಕಟ್ಟಿಕೊಳ್ಳಬೇಕು ಎಂಬುದು ಹಳಬರ ಬುದ್ಧಿಮಾತು. ತಾರೀಕು, ಏನಾಯಿತು ಎಂಬುದಕ್ಕೆ ಎರಡು ಸಾಲು, ಬರದಲ್ಲಿ ಯಾವ ವಚನ ಆಸರೆಯಾಯಿತು, ಯಾರು ಪಕ್ಕದಲ್ಲಿ ಕೂತರು, ಯಾವುದು ಉಪಯೋಗಕ್ಕೆ ಬರಲಿಲ್ಲ, ಇಷ್ಟು ಇರಲಿ. ನನ್ನ ಚೀಟಿಯಲ್ಲಿ ಯೆರೆಮೀಯ 15:18, 13ನೇ ಕೀರ್ತನೆ, ಆ ಹಿರಿಯರ ಹೆಸರು, "ಹತ್ತು ಗಂಟೆಗೆ ಮಲಗು" ಎಂಬ ಒಂದು ಸಾಲು ಇವೆ. ಎರಡನೆಯ ಬರ ಮೂರು ವರ್ಷಗಳ ಮೇಲೆ ಬಂದಾಗ ಆ ಚೀಟಿಗಾಗಿ ಮನೆಯೆಲ್ಲ ಹುಡುಕಬೇಕಾಯಿತು. ನೀವು ಅದನ್ನು ಬೈಬಲಿನ ಹಿಂದಿನ ರಟ್ಟಿನ ಒಳಬದಿಗೆ ಅಂಟಿಸಿಡಿ.